ಕಾಲಲ್ಲಿ ಚಕ್ರ ಇದ್ದ ಡಾಕ್ಟರ್

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ. ಅವಳಿಗೆ ಇಂಗ್ಲಿಷ್ ಓದು ರೂಢಿಯಾಗಲಿ ಅಂತ ಉಚಿತವಾಗಿ ಸಿಗುವ ಹಳೆಯ ಪುಸ್ತಕಗಳನ್ನು ಹುಡುಕುತ್ತಿದ್ದೆ. ‘ವೈಲ್ಡ್ ಅಡ್ವೆಂಚರ್ಸ್ ರೌಂಡ್ ದ ಪೋಲ್’ ಅನ್ನೋದು ಸಿಕ್ಕಿತು. ಬರೆದವರು ಗಾರ್ಡನ್ ಸ್ಟೇಬಲ್ಸ್. ಹೆಸರಿನ ಪಕ್ಕ ಎಂ.ಡಿ., ಆರ್.ಎನ್. ಅಂತಿದೆ. ನಾನು ವೃತ್ತಿಯಲ್ಲಿ ನರ್ಸ್. ನಮಗೆ ಆರ್.ಎನ್. ಅಂದರೆ ರಿಜಿಸ್ಟರ್ಡ್ ನರ್ಸ್! ಈ ಮನುಷ್ಯ ಯಾರು? ನಿಜವಾಗಿ ಹಿಮದ ಸಮುದ್ರಕ್ಕೆ ಹೋಗಿದ್ದರಾ, ಇಲ್ಲಾ ಸುಮ್ನೆ ಮನೆಯಲ್ಲಿ ಕೂತು ಬರೆದದ್ದಾ? ಮಗಳಿಗೆ ಓದಲು ಕೊಡಬಹುದಾ?

ಉತ್ತರ: ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಖುಷಿಯಾಯಿತು. ಈಚೆಗೆ ಸ್ಟೇಬಲ್ಸ್ ಬಗ್ಗೆ ಕೇಳುವವರೇ ಇಲ್ಲ. ಇಲ್ಲಿ ಆರ್.ಎನ್. ಅಂದರೆ ರಾಯಲ್ ನೇವಿ, ಅಂದರೆ ಬ್ರಿಟನ್ನಿನ ನೌಕಾಪಡೆ. ಆತ ಅಲ್ಲಿ ಡಾಕ್ಟರಾಗಿದ್ದ. ಕೆಲಸ ಬಿಟ್ಟ ಮೇಲೂ ಆ ಎರಡಕ್ಷರವನ್ನು ಬಿಡಲಿಲ್ಲ. ಪುಸ್ತಕದ ಮೊದಲ ಪುಟದಲ್ಲಿ ಅದು ಇದ್ದರೆ ‘ಈತ ಸಮುದ್ರ ಕಂಡವನು’ ಅಂತ ಓದುಗರಿಗೆ ಒಂದು ನಂಬಿಕೆ ಬರುತ್ತಿತ್ತು. ಅದು ಪದವಿಯೂ ಹೌದು, ಜಾಹೀರಾತೂ ಹೌದು.

ಹಿಮದ ಸಮುದ್ರಕ್ಕೆ ಹೋಗಿದ್ದು ನಿಜ. ಆದರೆ ನೌಕಾಪಡೆಯ ಡಾಕ್ಟರಾಗಿ ಅಲ್ಲ. ಅದಕ್ಕೂ ಮೊದಲೇ, ಮೆಡಿಕಲ್ ಓದುವಾಗಲೇ.

ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಹುಟ್ಟಿದ್ದು 1840ರ ಸುಮಾರಿಗೆ, ಸ್ಕಾಟ್ಲೆಂಡಿನ ಈಶಾನ್ಯದ ಬ್ಯಾನ್ಫ್‌ಶೈರಿನಲ್ಲಿ. ಊರಿನ ಹೆಸರು ಅಬರ್‌ಹಿರ್ಡರ್. ನಾಲಿಗೆ ಹೊರಳದ ಹೆಸರು, ಅಲ್ವಾ? ಅಲ್ಲಿಯವರೂ ಅದನ್ನು ಬಿಟ್ಟು ‘ಫಾಗಿ’ ಅಂತಲೇ ಕರೆಯುತ್ತಾರೆ. ಓದು ಹತ್ತಿರದ ಅಬರ್ಡೀನಿನಲ್ಲಿ. 1862ರಲ್ಲಿ ಡಾಕ್ಟರ್ ಪದವಿ ಸಿಕ್ಕಿತು.

ಈ ಅಬರ್ಡೀನ್ ಕರಾವಳಿಯಿಂದ ಆಗ ಪ್ರತಿ ವರ್ಷ ಗ್ರೀನ್‌ಲ್ಯಾಂಡ್ ಕಡೆಗೆ ಸೀಲ್ ಮತ್ತು ತಿಮಿಂಗಿಲ ಹಿಡಿಯಲು ಹಡಗುಗಳು ಹೋಗುತ್ತಿದ್ದವು. ಅಂಥ ಹಡಗಿನಲ್ಲಿ ಒಬ್ಬ ಡಾಕ್ಟರ್ ಇರುವುದು ವಾಡಿಕೆ. ತಿಂಗಳುಗಟ್ಟಲೆ ಮಂಜಿನ ನಡುವೆ ಇರಲು ನುರಿತ ಡಾಕ್ಟರು ಯಾಕೆ ಬರುತ್ತಾರೆ? ಹಾಗಾಗಿ ಮೆಡಿಕಲ್ ವಿದ್ಯಾರ್ಥಿಗಳನ್ನೇ ಕರೆದೊಯ್ಯುತ್ತಿದ್ದರು. ಹುಡುಗರಿಗೂ ಒಂದಿಷ್ಟು ದುಡ್ಡು, ಮೇಲೊಂದು ಸಾಹಸ. ಷರ್ಲಾಕ್ ಹೋಮ್ಸ್ ಕತೆಗಳನ್ನು ಬರೆದ ಕಾನನ್ ಡಾಯ್ಲ್ ಕೂಡ ಓದುತ್ತಿದ್ದಾಗಲೇ, 1880ರಲ್ಲಿ, ‘ಹೋಪ್’ ಎಂಬ ಹಡಗಿನಲ್ಲಿ ಹೀಗೆ ಹೋಗಿ ಬಂದವರು. ಸ್ಟೇಬಲ್ಸ್ ಅವರಿಗಿಂತ 20 ವರ್ಷ ಮೊದಲೇ ಹೋಗಿದ್ದ. ಮೊದಲ ಸಲ ಹೋದಾಗ ಅವನಿಗೆ 19 ವರ್ಷ. ಸಾಲದು ಅಂತ ಇನ್ನೊಂದು ಸಲವೂ ಹೋದ.

ನಿಮಗೆ ಸಿಕ್ಕಿರುವ ಪುಸ್ತಕದಲ್ಲಿ ಮಂಜುಗಡ್ಡೆ ಹಡಗನ್ನು ಒತ್ತುವಾಗಿನ ಸದ್ದು, ಸೀಲ್ ಬೇಟೆಯ ಗಲೀಜು, ಚಳಿಯಲ್ಲಿ ನಾವಿಕರ ಗೊಣಗಾಟ, ಇದೆಲ್ಲ ಆ ಪ್ರವಾಸಗಳ ಬಂಡವಾಳ. ಬಲೂನು ಏರಿ ಧ್ರುವದ ಕಡೆ ನೋಡುವ ಭಾಗ ಪೂರ್ತಿ ಕಲ್ಪನೆ. ಪುಸ್ತಕ ಬಂದದ್ದು 1883ರಲ್ಲಿ. ಅದಕ್ಕೆ 7 ವರ್ಷ ಹಿಂದೆ, 1876ರಲ್ಲಿ, ಬ್ರಿಟನ್ನಿನ ನೌಕಾಪಡೆಯದೇ ಒಂದು ತಂಡ ಜಾರುಬಂಡಿ ಎಳೆದುಕೊಂಡು 83 ಡಿಗ್ರಿ ಉತ್ತರ ಅಕ್ಷಾಂಶ ದಾಟಿ, ಸ್ಕರ್ವಿ ರೋಗದಿಂದ ನರಳುತ್ತಾ ಹಿಂದಿರುಗಿತ್ತು. ಧ್ರುವವನ್ನು ಯಾರೂ ಕಂಡಿರಲಿಲ್ಲ. ಹಾಗಾಗಿ ಅಲ್ಲಿ ಏನನ್ನು ಬೇಕಾದರೂ ಇಡುವ ಸ್ವಾತಂತ್ರ್ಯ ಕತೆಗಾರರಿಗಿತ್ತು.

ಇನ್ನು ನೌಕಾಪಡೆ. ಆ ಅನುಭವವನ್ನು ಆತ 1868ರಲ್ಲೇ ‘ಮೆಡಿಕಲ್ ಲೈಫ್ ಇನ್ ದ ನೇವಿ’ ಎಂಬ ಸಣ್ಣ ಪುಸ್ತಕದಲ್ಲಿ ಬರೆದ. ಯಾಕೆ ನೌಕಾಪಡೆ ಸೇರಿದೆ ಅನ್ನುವುದಕ್ಕೆ ಆತ ಕೊಡುವ ಕಾರಣ ಮಜವಾಗಿದೆ. ಎಡತೋಳಿನಲ್ಲಿ ಒಂದು ಮಚ್ಚೆ ಇತ್ತಂತೆ. ಇವನು ಊರೂರು ಅಲೆಯುವವನು ಅನ್ನೋದಕ್ಕೆ ಅದೇ ಗುರುತು ಅಂತ ಸಾಕಿದ ದಾದಿ ಹೇಳುತ್ತಿದ್ದಳಂತೆ. ನಮ್ಮ ಅಜ್ಜಿಯರಾಗಿದ್ದರೆ ‘ಇವನ ಕಾಲಲ್ಲಿ ಚಕ್ರ ಇದೆ’ ಅನ್ನುತ್ತಿದ್ದರು. ಮುಂದೆ ಈ ಮಾತು ಅಕ್ಷರಶಃ ನಿಜವಾಗುತ್ತದೆ, ಸ್ವಲ್ಪ ತಾಳಿ.

1863ರಲ್ಲಿ ಅಸಿಸ್ಟೆಂಟ್ ಸರ್ಜನ್ ಆಗಿ ಸೇರಿದ. ಶುರುವಿನ ತರಬೇತಿ ಪೋರ್ಟ್ಸ್‌ಮತ್ ಹತ್ತಿರದ ಹ್ಯಾಸ್ಲರ್ ಆಸ್ಪತ್ರೆಯಲ್ಲಿ. ಸ್ಕರ್ವಿಗೆ ನಿಂಬೆ, ಕಿತ್ತಳೆ ಮದ್ದು ಅಂತ 1747ರಲ್ಲಿ 12 ಜನ ನಾವಿಕರ ಮೇಲೆ ಪರೀಕ್ಷೆ ಮಾಡಿದ ಜೇಮ್ಸ್ ಲಿಂಡ್ ಹೆಸರು ನೀವು ಕೇಳಿರಬಹುದು. ಅವರು ಮುಖ್ಯ ವೈದ್ಯರಾಗಿದ್ದ ಆಸ್ಪತ್ರೆ ಅದು. ಅಲ್ಲಿಂದ ಸ್ಟೇಬಲ್ಸ್‌ನನ್ನು ಆಫ್ರಿಕಾದ ದಕ್ಷಿಣ ತುದಿಯ ಕೇಪ್‌ಗೆ ಕಳಿಸಿದರು. ಮೊದಲು ‘ನಾರ್ಸಿಸಸ್’ ಎಂಬ ದೊಡ್ಡ ಹಡಗು, ಆಮೇಲೆ ‘ಪೆಂಗ್ವಿನ್’ ಎಂಬ ಪುಟ್ಟ ಯುದ್ಧನೌಕೆ.

ಪೆಂಗ್ವಿನ್ ಕೆಲಸ ಏನು ಗೊತ್ತಾ? ಮೊಜಾಂಬಿಕ್‌ನಿಂದ ಜಾಂಜಿಬಾರ್ ತನಕದ ಕರಾವಳಿಯಲ್ಲಿ ಗುಲಾಮರನ್ನು ಸಾಗಿಸುವ ದೋಣಿಗಳನ್ನು ಬೆನ್ನಟ್ಟುವುದು. ಅವು ಧೋ ಎಂಬ ಅರಬ್ಬಿ ಹಾಯಿಹಡಗುಗಳು, ನಮ್ಮ ಮಂಗಳೂರು ಕಡೆಯ ಮಂಜಿಗಳ ನೆಂಟರು. ದೊಡ್ಡ ಹಡಗು ದಡದ ಹತ್ತಿರ ಹೋಗುವ ಹಾಗಿಲ್ಲ. ಹಾಗಾಗಿ ಸಣ್ಣ ದೋಣಿಗಳನ್ನು ಇಳಿಸಿ, ಅದರಲ್ಲೇ ದಿನಗಟ್ಟಲೆ ಕಾಯುತ್ತಿದ್ದರು. ಮೇಲೆ ಬಿಸಿಲು, ಕೆಳಗೆ ಉಪ್ಪುನೀರು, ರಾತ್ರಿ ಸೊಳ್ಳೆ. ಡಾಕ್ಟರಿಗೆ ಬೇರೆ ವ್ಯವಸ್ಥೆಯೇನೂ ಇಲ್ಲ.

ಆ ಕೆಲಸ ಒಳ್ಳೆಯದೇ. ಆದರೆ ಕತೆಗಳಲ್ಲಿ ಬರುವಷ್ಟು ಬೆಳ್ಳಗಿರಲಿಲ್ಲ. ಬಿಡಿಸಿದ ಪ್ರತಿ ಗುಲಾಮನಿಗೂ, ಹಿಡಿದ ಹಡಗಿನ ಗಾತ್ರಕ್ಕೂ ಲೆಕ್ಕ ಹಾಕಿ ಸಿಬ್ಬಂದಿಗೆ ಇನಾಮು ಕೊಡುತ್ತಿದ್ದರು. ಗುಲಾಮರೇ ಇಲ್ಲದ, ಬರೀ ವ್ಯಾಪಾರದ ದೋಣಿಗಳನ್ನೂ ಇನಾಮಿನ ಆಸೆಗೆ ಸುಟ್ಟರು ಅನ್ನುವ ದೂರುಗಳು ಆ ಕಾಲದಲ್ಲೇ ಇದ್ದವು. ಜಾಂಜಿಬಾರಿನ ಗುಲಾಮರ ಸಂತೆ ಮುಚ್ಚಿದ್ದು 1873ರಲ್ಲಿ. ಆ ಹೊತ್ತಿಗೆ ನಮ್ಮ ಡಾಕ್ಟರು ನೌಕಾಪಡೆ ಬಿಟ್ಟಾಗಿತ್ತು.

ಬಿಟ್ಟದ್ದಲ್ಲ, ದೇಹ ಬಿಡಿಸಿತು. ಕಾಡುಜ್ವರ, ಮೇಲೆ ಸಂಧಿವಾತ. 1871ರಲ್ಲಿ ಅರ್ಧ ಸಂಬಳದ ಮೇಲೆ ಕಳಿಸಿಬಿಟ್ಟರು. ಆಗ ಆತನಿಗೆ 30 ದಾಟಿತ್ತು ಅಷ್ಟೆ. ಕಾಡುಜ್ವರ ಅಂದರೆ ಮಲೇರಿಯಾದಂಥ ಜ್ವರಗಳಿಗೆ ಆಗ ಇದ್ದ ಹೆಸರು. ಕೆಟ್ಟ ಗಾಳಿಯಿಂದ ಬರುತ್ತದೆ ಅಂತ ಎಲ್ಲರೂ ನಂಬಿದ್ದ ಕಾಲ. ಸೊಳ್ಳೆಯ ಗುಟ್ಟು ಬಿಡಿಸಿದ ರೊನಾಲ್ಡ್ ರಾಸ್ 1883ರಲ್ಲಿ ನಮ್ಮ ಬೆಂಗಳೂರಿನ ದಂಡಿನಲ್ಲೇ ಡಾಕ್ಟರಾಗಿದ್ದರು. ತಮ್ಮ ಬಂಗಲೆಯ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಹುಟ್ಟುವುದನ್ನು ಅವರು ಗಮನಿಸಿದ್ದು ಆಗಲೇ. ಪೂರ್ತಿ ಉತ್ತರ ಸಿಗಲು 1897 ಬರಬೇಕಾಯಿತು. ಸ್ಟೇಬಲ್ಸ್‌ಗೆ ಅದು ತಡವಾಯಿತು.

ಆಮೇಲೂ ಎರಡು ವರ್ಷ ಸರಕು ಹಡಗುಗಳಲ್ಲಿ ಅಲೆದ. ಆಫ್ರಿಕಾ, ದಕ್ಷಿಣ ಅಮೆರಿಕ, ಇಂಡಿಯಾ, ದಕ್ಷಿಣ ಸಮುದ್ರ. 1870ರ ದಶಕದ ನಡುವಿಗೆ ಮದುವೆಯಾಗಿ ಲಂಡನ್ನಿನ ಪಶ್ಚಿಮಕ್ಕಿರುವ ಟ್ವೈಫರ್ಡ್ ಎಂಬ ಊರಲ್ಲಿ ನೆಲೆ ನಿಂತ. ಮನೆಗೆ ಇಟ್ಟ ಹೆಸರು ‘ದ ಜಂಗಲ್’! ಕಾಡುಜ್ವರ ಹಿಡಿಸಿಕೊಂಡವನು ಮನೆಗೆ ಕಾಡು ಅಂತ ಹೆಸರಿಡುತ್ತಾನೆ ಅಂದರೆ ಆಸಾಮಿ ಎಂಥವನು ಅಂತ ಊಹಿಸಿಕೊಳ್ಳಿ. ಆರು ಮಕ್ಕಳು, ಅರ್ಧ ಸಂಬಳ. ಬರೆಯದೆ ಗತಿಯಿರಲಿಲ್ಲ.

ಬರೆಯಲು ಕಾಲವೂ ಕೂಡಿ ಬಂದಿತ್ತು. 1870ರ ಶಿಕ್ಷಣ ಕಾಯಿದೆಯಿಂದ ಇಂಗ್ಲೆಂಡಿನಲ್ಲಿ ಓದು ಬಲ್ಲ ಮಕ್ಕಳ ಸಂಖ್ಯೆ ಜೋರಾಗಿ ಏರಿತು. ಆದರೆ ಅವರ ಕೈಗೆ ಸಿಗುತ್ತಿದ್ದದ್ದು ಕೊಲೆ, ದರೋಡೆಯ ಅಗ್ಗದ ಕತೆಗಳು. ಇದು ನೋಡಲಾರದೆ ಧಾರ್ಮಿಕ ಕರಪತ್ರ ಅಚ್ಚು ಹಾಕುವ ಒಂದು ಸಂಸ್ಥೆಯೇ 1879ರ ಜನವರಿಯಲ್ಲಿ ‘ಬಾಯ್ಸ್ ಓನ್ ಪೇಪರ್’ ಎಂಬ ವಾರಪತ್ರಿಕೆ ತಂದಿತು. ಬೆಲೆ ಒಂದು ಪೆನ್ನಿ. ಉಪದೇಶ ಕಡಿಮೆ, ಸಾಹಸ ಜಾಸ್ತಿ. ಮರುವರ್ಷ ಹುಡುಗಿಯರಿಗೆ ‘ಗರ್ಲ್ಸ್ ಓನ್ ಪೇಪರ್’. ಸ್ಟೇಬಲ್ಸ್ ಎರಡರಲ್ಲೂ ಕೂತುಬಿಟ್ಟ. ಹುಡುಗರಿಗೆ ಧಾರಾವಾಹಿ, ಆರೋಗ್ಯ, ಜೊತೆಗೆ ಕೋಳಿ, ಪಾರಿವಾಳ, ಮೊಲ, ನಾಯಿ ಸಾಕುವ ತಿಂಗಳ ಅಂಕಣ. ಹುಡುಗಿಯರಿಗೆ ‘ಮೆಡಿಕಸ್’ ಎಂಬ ಹೆಸರಿನಲ್ಲಿ ಆರೋಗ್ಯದ ಮಾತು.

ಹುಡುಗರ ಪತ್ರಿಕೆಯ ಪ್ರಶ್ನೋತ್ತರದ ಪುಟ ನಿಮ್ಮ ವೃತ್ತಿಯವರು ಓದಲೇಬೇಕು. ನಾನಿಲ್ಲಿ ನಿಮ್ಮ ಪ್ರಶ್ನೆಯನ್ನು ಮೇಲೆ ಕೊಟ್ಟಿದ್ದೇನೆ. ಅವರು ಪ್ರಶ್ನೆಯನ್ನು ಅಚ್ಚು ಹಾಕುತ್ತಲೇ ಇರಲಿಲ್ಲ! ಬರೀ ಉತ್ತರ. ಹುಡುಗ ಏನು ಕೇಳಿದ್ದ ಅಂತ ನಾವೇ ಊಹಿಸಬೇಕು. ಹದಿಹರೆಯದ ಹುಡುಗರು ನಾಚಿಕೊಂಡು ಬರೆದ ಸಂಗತಿಗಳೂ ಅದರಲ್ಲಿ ಬೇಕಾದಷ್ಟು. ಡಾಕ್ಟರ ಮದ್ದು ಮಾತ್ರ ಹೆಚ್ಚುಕಡಿಮೆ ಒಂದೇ: ಬೆಳಗ್ಗೆ ಎದ್ದು ತಣ್ಣೀರು ಸ್ನಾನ, ಓಟ್ಸ್ ಗಂಜಿ, ಬಯಲ ಗಾಳಿ, ವ್ಯಾಯಾಮ. ಸುಸ್ತಿಗೂ ತಣ್ಣೀರು, ಅಂಜಿಕೆಗೂ ತಣ್ಣೀರು. ಸಂಧಿವಾತದ ಮನುಷ್ಯ ಊರ ಮಕ್ಕಳಿಗೆಲ್ಲ ತಣ್ಣೀರು ಹೊಯ್ದುಕೊಳ್ಳಿ ಅನ್ನುವುದು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ.

ಆದರೆ ನಗುವಿನ ಹಿಂದೆ ಒಂದು ವಿಷಯ ಇದೆ, ನನಗೆ ಸ್ಟೇಬಲ್ಸ್ ಇಷ್ಟವಾಗುವುದೇ ಅದಕ್ಕೆ. ಆತ ಕೊನೆಯ ತನಕ ಡಾಕ್ಟರಾಗಿಯೇ ಬರೆದ. 130ಕ್ಕೂ ಜಾಸ್ತಿ ಪುಸ್ತಕ. ಬಹುಪಾಲು ಹುಡುಗರ ಸಾಹಸ ಕತೆಗಳು. ಜೊತೆಗೆ ಸೈಕಲ್ ಸವಾರಿಯಿಂದ ಆರೋಗ್ಯ ಅಂತ ಒಂದು, ಚಹಾದ ಮೇಲೆ ಒಂದು, ಬೆಕ್ಕಿನ ಮೇಲೆ, ನಾಯಿಯ ಮೇಲೆ. ಎಲ್ಲದರಲ್ಲೂ ಇರುವುದು ಒಂದೇ ಔಷಧ ಚೀಟಿ: ಮನೆಯಿಂದ ಹೊರಗೆ ಹೋಗು. ಕತೆಯ ನಾಯಕ ಹೊಗೆ ತುಂಬಿದ ಊರು ಬಿಟ್ಟು ಹಡಗು ಹತ್ತುತ್ತಾನೆ, ಗಾಳಿ ಕುಡಿಯುತ್ತಾನೆ, ಗಟ್ಟಿಯಾಗುತ್ತಾನೆ. ಬರೆಯುವವನಿಗೆ ಮಾತ್ರ ಆ ಗಟ್ಟಿ ಮೈ ಹೋಗಿ ಎಷ್ಟೋ ಕಾಲವಾಗಿತ್ತು. ತನಗೆ ದಕ್ಕದ ಮದ್ದನ್ನು ಬೇರೆಯವರ ಮಕ್ಕಳಿಗೆ ಬರೆದುಕೊಟ್ಟ ಅಂತ ನನಗೆ ಅನ್ನಿಸುತ್ತದೆ.

ಕತೆಗಾರನಾಗಿ ಆತ ದೊಡ್ಡವನಲ್ಲ. ಮುಲಾಜಿಲ್ಲದೆ ಹೇಳುತ್ತೇನೆ. ನಿಮ್ಮ ಕೈಗೆ ಸಿಕ್ಕಿರುವ ಪುಸ್ತಕ ಬಂದ 1883ರಲ್ಲೇ ಕಾಯಿಲೆಯ ಇನ್ನೊಬ್ಬ ಸ್ಕಾಟಿಷ್ ಮನುಷ್ಯ, ಸ್ಟೀವನ್ಸನ್, ‘ಟ್ರೆಷರ್ ಐಲೆಂಡ್’ ತಂದರು. ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಸ್ಟೀವನ್ಸನ್ನರ ಖಳನ ಬಗ್ಗೆ ನಮಗೆ ಪ್ರೀತಿ ಹುಟ್ಟುತ್ತದೆ. ಸ್ಟೇಬಲ್ಸ್ ಕತೆಯಲ್ಲಿ ರಾಲ್ಫ್, ರೋರಿ, ಆಲನ್ ಅಂತ ಒಬ್ಬ ಇಂಗ್ಲಿಷ್, ಒಬ್ಬ ಐರಿಷ್, ಒಬ್ಬ ಸ್ಕಾಟಿಷ್ ಹುಡುಗ ಇರುತ್ತಾರೆ. ಹೆಸರು ಅದಲು ಬದಲು ಮಾಡಿದರೂ ಏನೂ ವ್ಯತ್ಯಾಸವಾಗದು. ಇನ್ನೇನು ಕತೆ ಓಡಬೇಕು ಅನ್ನುವಷ್ಟರಲ್ಲಿ ಲೇಖಕ ಬಂದು ಗಂಜಿಯ ಗುಣಗಾನ ಶುರು ಮಾಡುತ್ತಾನೆ.

ಇನ್ನೊಂದು ಮಾತು, ಇದು ಹಗುರದ್ದಲ್ಲ. ಇದೇ ಪುಸ್ತಕದಲ್ಲಿ ಒಬ್ಬ ಕಪ್ಪು ಹುಡುಗ ಬರುತ್ತಾನೆ. ಅವನಿಗೆ ಲೇಖಕ ಇಟ್ಟ ಹೆಸರು ‘ಫ್ರೀಜಿಂಗ್ ಪೌಡರ್ಸ್’. ಮಿಕ್ಕವರಿಗೆಲ್ಲ ಮನುಷ್ಯರ ಹೆಸರು, ಇವನಿಗೆ ಔಷಧದ ಪೊಟ್ಟಣದಂಥ ಹೆಸರು. ಅವನು ಇರುವುದೇ ನಗಿಸಲಿಕ್ಕೆ. ಗುಲಾಮರ ದೋಣಿಗಳನ್ನು ಬೆನ್ನಟ್ಟಿದವನೇ ಹೀಗೆ ಬರೆದ. ಗುಲಾಮಗಿರಿ ತಪ್ಪು ಅಂತ ಒಪ್ಪುವುದು ಬೇರೆ, ಎದುರಿಗಿರುವವನು ತನ್ನ ಸಮಾನ ಅಂತ ಕಾಣುವುದು ಬೇರೆ. ಆ ತಲೆಮಾರಿನ ಬಹಳ ಜನ ಮೊದಲನೆಯದರಲ್ಲೇ ನಿಂತರು. ಪ್ರಾಣಿಗಳ ವಿಷಯದಲ್ಲೂ ಇದೇ ಎಡವಟ್ಟು. ನಾಯಿ, ಬೆಕ್ಕು, ಹಕ್ಕಿಗಳ ಮೇಲೆ ಕ್ರೌರ್ಯ ಬೇಡ ಅಂತ ಜೀವನವಿಡೀ ವಾದಿಸಿದವನು. ಥಿಯೋಡರ್ ನೀರೋ ಎಂಬ ನ್ಯೂಫೌಂಡ್‌ಲ್ಯಾಂಡ್ ನಾಯಿಯನ್ನು ಸಾಕಿ, ತನ್ನ ನಾಯಿಗಳ ಮೇಲೆ ಪುಸ್ತಕವನ್ನೇ ಬರೆದವನು. ಆದರೆ ಕತೆ ಬರೆಯಲು ಕೂತರೆ ಕರಡಿ, ಸೀಲುಗಳು ಪುಟಪುಟಕ್ಕೂ ಉರುಳುತ್ತವೆ.

ಹಾಗಾದರೆ ಮಗಳಿಗೆ ಏನು ಕೊಡಬೇಕು? ‘ವೈಲ್ಡ್ ಅಡ್ವೆಂಚರ್ಸ್’ ಬೇಡ ಅನ್ನುವುದಿಲ್ಲ. ಆದರೆ ಅವಳೊಬ್ಬಳ ಕೈಗೆ ಕೊಟ್ಟು ಸುಮ್ಮನಾಗಬೇಡಿ. ಮಂಜುಗಡ್ಡೆಯ ಅಧ್ಯಾಯಗಳನ್ನು ಜೊತೆಗೆ ಕೂತು ಓದಿ. ಫ್ರೀಜಿಂಗ್ ಪೌಡರ್ಸ್ ಬಂದಾಗ ‘ಇವನ ನಿಜವಾದ ಹೆಸರೇನಿರಬಹುದು’ ಅಂತ ಅವಳನ್ನೇ ಕೇಳಿ. ಹುಡುಗಿಯರು ಈ ಹಡಗು ಯಾಕೆ ಹತ್ತಲಿಲ್ಲ ಅಂತ ಅವಳು ಕೇಳದೆ ಬಿಡುವುದಿಲ್ಲ, ಅದಕ್ಕೂ ತಯಾರಾಗಿರಿ.

ನಾನಾಗಿದ್ದರೆ ಮೊದಲು ಬೇರೆಯದೇ ಪುಸ್ತಕ ಕೊಡುತ್ತಿದ್ದೆ. ಅದರಲ್ಲಿ ಧ್ರುವವಿಲ್ಲ, ಸಮುದ್ರವೂ ಇಲ್ಲ. ‘ದ ಕ್ರೂಸ್ ಆಫ್ ದ ಲ್ಯಾಂಡ್ ಯಾಟ್ ವಾಂಡರರ್’, 1886ರದ್ದು. ಆಗ ಹೇಳಿದೆನಲ್ಲ, ಕಾಲಲ್ಲಿ ಚಕ್ರ ಅಂತ? ಅದು ಇಲ್ಲಿದೆ.

ಸಮುದ್ರಕ್ಕೆ ಹೋಗಲು ದೇಹ ಬಿಡದು. ಮನೆಯಲ್ಲಿರಲು ಮನಸ್ಸು ಬಿಡದು. ಇಂಗ್ಲೆಂಡಿನ ಜಿಪ್ಸಿಗಳು ಕುದುರೆ ಗಾಡಿಯಲ್ಲೇ ಸಂಸಾರ ಮಾಡಿಕೊಂಡು ಊರೂರು ತಿರುಗುವುದನ್ನು ಆತ ನೋಡಿದ್ದ. ತನಗೂ ಅಂಥದ್ದೊಂದು ಬೇಕು ಅನ್ನಿಸಿತು. ಬ್ರಿಸ್ಟಲ್ ನಗರದಲ್ಲಿ ರೈಲಿನ ಡಬ್ಬಿ ಕಟ್ಟುವ ಕಾರ್ಖಾನೆಗೆ ಹೇಳಿ ಮಾಡಿಸಿದ. ಮಹಾಗನಿ ಮರದ ಗಾಡಿ, ಸರಿಸುಮಾರು 18 ಅಡಿ ಉದ್ದ, ಸಾಮಾನು ತುಂಬಿದರೆ ಎರಡು ಟನ್ ಹತ್ತಿರ ತೂಕ. ಒಳಗೆ ಸೋಫಾ, ಪುಸ್ತಕದ ಕಪಾಟು, ಒಂದು ಪುಟ್ಟ ಹಾರ್ಮೋನಿಯಂ. ಹಿಂದಿನ ಕೋಣೆಯಲ್ಲಿ ಎಣ್ಣೆ ಒಲೆ ಇಟ್ಟು ಅಡುಗೆ. ಹೆಸರು ‘ವಾಂಡರರ್’, ಅಂದರೆ ಅಲೆಮಾರಿ. ಗಾಡಿಯನ್ನು ಆತ ಗಾಡಿ ಅನ್ನುವುದೇ ಇಲ್ಲ, ಅದು ನೆಲದ ಮೇಲಿನ ಹಡಗು. ಮುಂದಿನದು ಸಲೂನು, ಹಿಂದಿನದು ಹಿಂಗೋಣೆ, ಹೊರಟದ್ದು ‘ಯಾನ’.

1885ರಲ್ಲಿ ಟ್ವೈಫರ್ಡ್‌ನಿಂದ ಉತ್ತರಕ್ಕೆ ಹೊರಟು, ಯಾರ್ಕ್‌ಶೈರ್, ನ್ಯೂಕ್ಯಾಸಲ್, ಎಡಿನ್‌ಬರೋ ದಾಟಿ, ಸ್ಕಾಟ್ಲೆಂಡಿನ ಬೆಟ್ಟಗಳನ್ನು ಹತ್ತಿಳಿದು ಇನ್ವರ್ನೆಸ್ ತಲುಪಿದ. ಪುಸ್ತಕದ ಪ್ರಕಾರ ಒಟ್ಟು 1,300 ಮೈಲಿ ಸುತ್ತಾಟ. ಜೊತೆಗಿದ್ದವರನ್ನು ಕೇಳಿ: ಪೀ-ಬ್ಲಾಸಮ್, ಕಾರ್ನ್‌ಫ್ಲವರ್ ಎಂಬ ಎರಡು ಕುದುರೆ. ಹರಿಕೇನ್ ಬಾಬ್ ಎಂಬ ದೊಡ್ಡ ಕಪ್ಪು ನಾಯಿ. ಪಾಲಿ ಎಂಬ ಕಾಕಟೂ ಗಿಳಿ. ಕುದುರೆ ಹೊಡೆಯುವ ಜಾನ್. ಕೆಲಸದವನು ಫೋಲಿ.

ಈ ಫೋಲಿಯ ಕೆಲಸ ನನಗೆ ಬಹಳ ಇಷ್ಟ. ಅವನು ಮೂರು ಗಾಲಿಯ ಸೈಕಲ್ ತುಳಿಯುತ್ತಾ ಗಾಡಿಯ ಮುಂದೆ ಹೋಗಬೇಕು. ಕಿರಿದಾದ ರಸ್ತೆ, ಎದುರಿಗೆ ಇನ್ನೊಂದು ಬಂಡಿ ಬಂದರೆ ಈ ಎರಡು ಟನ್ನಿನ ಮನೆ ಪಕ್ಕಕ್ಕೆ ಸರಿಯುವುದು ಹೇಗೆ? ಹಾಗಾಗಿ ಫೋಲಿ ಮೊದಲೇ ಹೋಗಿ ಎದುರಿನವರಿಗೆ ಎಚ್ಚರಿಸಬೇಕು. ಸಂಜೆಯಾದರೆ ರಾತ್ರಿ ನಿಲ್ಲಲು ಗದ್ದೆಯೋ ಹಿತ್ತಲೋ ಹುಡುಕಬೇಕು, ಮಾಲೀಕನನ್ನು ಒಪ್ಪಿಸಬೇಕು. ಡಾಕ್ಟರು ಆ ಹೊತ್ತಿಗೆ ಕಿಟಕಿ ಪಕ್ಕ ಕೂತು ಬರೆಯುತ್ತಿರುತ್ತಾನೆ.

ಈ ಪುಸ್ತಕ ಯಾಕೆ ಬದುಕಿದೆ ಅಂದರೆ ಇಲ್ಲಿ ಆತ ಸುಳ್ಳು ಹೇಳುವ ಅಗತ್ಯವಿಲ್ಲ. ಬೆಟ್ಟದ ಏರಿನಲ್ಲಿ ಕುದುರೆಯ ಉಸಿರು, ಒಲೆಯ ಹೊಗೆ, ಗಾಡಿಯೊಳಗೆ ಇಣುಕುವ ಊರ ಮಕ್ಕಳು. ಕಣ್ಣೆದುರು ಇದ್ದದ್ದನ್ನು ಆತ ಚೆನ್ನಾಗಿ ಬರೆಯಬಲ್ಲ. ಇಲ್ಲದ್ದನ್ನು ಕಟ್ಟಲು ಹೋದಾಗಲೇ ಕೈಕೊಡುವುದು. ಒಂದನ್ನು ಮಾತ್ರ ಮರೆಯಬಾರದು. ಜಿಪ್ಸಿಗಳಿಗೆ ಗಾಡಿಯೇ ಮನೆ, ನಿಂತಲ್ಲೆಲ್ಲ ಪೊಲೀಸರ ಕಾಟ. ಈತನಿಗೆ ಅದು ರಜೆ. ತನ್ನನ್ನು ತಾನು ‘ಜಂಟಲ್‌ಮನ್ ಜಿಪ್ಸಿ’ ಅಂತ ಕರೆದುಕೊಂಡ, ಅದೇ ಹೆಸರಲ್ಲಿ 1891ರಲ್ಲಿ ಇನ್ನೊಂದು ಪುಸ್ತಕವನ್ನೂ ತಂದ.

ಕತೆಗಳನ್ನು ಜನ ಮರೆತರು, ಗಾಡಿಯನ್ನು ಮರೆಯಲಿಲ್ಲ. ಬರೀ ಖುಷಿಗೆ ಊರು ಸುತ್ತಲು ಅಂತಲೇ ಕಟ್ಟಿಸಿದ ಮೊದಲ ಕಾರವಾನ್, ಅಂದರೆ ಮನೆಗಾಡಿ, ಇದೇ ಅಂತ ಹೇಳುವವರು ಬಹಳ ಜನ. 1907ರಲ್ಲಿ ಬ್ರಿಟನ್ನಿನಲ್ಲಿ ಕಾರವಾನ್ ಕ್ಲಬ್ ಶುರುವಾದಾಗ ಈತನನ್ನು ಉಪಾಧ್ಯಕ್ಷನನ್ನಾಗಿ ಮಾಡಿದರು. 1910ರ ಮೇ ತಿಂಗಳಲ್ಲಿ ಟ್ವೈಫರ್ಡ್‌ನಲ್ಲೇ ತೀರಿಕೊಂಡ. ವಾಂಡರರ್ ಈಗಲೂ ಇದೆ, ಅದೇ ಕ್ಲಬ್ಬಿನ ಸುಪರ್ದಿಯಲ್ಲಿ.

ಎರಡೂ ಪುಸ್ತಕಗಳ ಹಕ್ಕುಸ್ವಾಮ್ಯ ಯಾವಾಗಲೋ ಮುಗಿದಿದೆ, ಉಚಿತವಾಗಿ ಇಳಿಸಿಕೊಳ್ಳಬಹುದು. ಗಾಡಿಯ ಪುಸ್ತಕ ಓದುವಾಗ ಪಕ್ಕದಲ್ಲಿ ಬ್ರಿಟನ್ನಿನ ಒಂದು ನಕ್ಷೆ ಇಟ್ಟುಕೊಳ್ಳಿ, ಮಗಳು ಪೆನ್ಸಿಲಿನಲ್ಲಿ ದಾರಿ ಎಳೆಯಲಿ. ಮುಗಿದ ಮೇಲೆ ಅವಳನ್ನು ಒಂದು ಮಾತು ಕೇಳಿ: ಡಾಕ್ಟರು ಗಾಡಿಯೊಳಗೆ ಹಾರ್ಮೋನಿಯಂ ಬಾರಿಸುವಾಗ, ಹೊರಗೆ ಮಳೆಯಲ್ಲಿ ಸೈಕಲ್ ತುಳಿಯುತ್ತಿದ್ದ ಫೋಲಿ ಈ ಪ್ರಯಾಣವನ್ನು ಹೇಗೆ ಬರೆಯುತ್ತಿದ್ದ? ಅವಳು ಏನಾದರೂ ಬರೆದರೆ ನನಗೂ ಒಂದು ಪ್ರತಿ ಕಳಿಸಿ.